ಲ್ಯಾಪ್‌ಟಾಪಿನ ಪೆಟ್ಟಿಗೆಯೂ ಶರೀಫಜ್ಜನ ಕೋಳಿಯೂ

“ತಮ್ಮಾ, ನಿನ್ನ ಪೆಟ್ಟಿಗಿ ಛಲೋ ಒದರತೈತಿ ಬಿಡು. ಆದ್ರ ಹುಡುಗ ಏನ್ ಹಾಡಿದಾ ಅನ್ನೂದ ತಿಳೀಲಿಲ್ಲ ನೋಡಪಾ!”

2022ರ ನವೆಂಬರ್‌ನಲ್ಲಿ, ಇಲ್ಲಿ ಸ್ಯಾನ್ ಹೊಸೆಯಲ್ಲಿ ನಮ್ಮ ರಾಜ್ಯೋತ್ಸವ ಕಾರ್ಯಕ್ರಮ ಮುಗಿದು ಎಲ್ಲರೂ ತಟ್ಟೆ ಹಿಡಿದು ಬಿಸಿಬೇಳೆಭಾತಿನ ಸಾಲಿನಲ್ಲಿ ನಿಂತಿದ್ದಾಗ ನನಗೆ ಸಿಕ್ಕಿದ ವಿಮರ್ಶೆ ಇದು. ಹೇಳಿದವರು ನನ್ನ ಗೆಳೆಯನ ತಾಯಿ. ಆರು ತಿಂಗಳ ಮಟ್ಟಿಗೆ ಹುಬ್ಬಳ್ಳಿಯಿಂದ ಮಗನ ಮನೆಗೆ ಬಂದಿದ್ದರು. ವಯಸ್ಸು ಎಪ್ಪತ್ತಾರು. ಮೊಮ್ಮಗ ‘ಆಯಿ’ ಎನ್ನುತ್ತಿದ್ದ, ಹಾಗಾಗಿ ನಮಗೆಲ್ಲರಿಗೂ ಅವರು ಆಯಿಯೇ.

ಮೊಮ್ಮಗ ಹುಟ್ಟಿ ಬೆಳೆದದ್ದು ಇಲ್ಲೇ. ಹನ್ನೆರಡು ವರ್ಷದ ಹುಡುಗ. ಆಯಿಗೆಂದೇ ಒಂದು ತಿಂಗಳು ಕೂತು ಶಿಶುನಾಳ ಶರೀಫರ ಪದವೊಂದನ್ನು ಕಲಿತಿದ್ದ. ಕೋಳಿಯೊಂದು ಕೋಡಗವನ್ನೇ ನುಂಗಿಬಿಡುವ ಆ ಪ್ರಸಿದ್ಧ ಒಗಟಿನ ಪದ. ಶರೀಫರ ಪದಗಳನ್ನು ಗಿಟಾರಿನ ಜೊತೆ ಹಾಡಿ ಕಾಲೇಜು ಹುಡುಗರನ್ನು ಕುಣಿಸಬಹುದೆಂದು ರಘು ದೀಕ್ಷಿತ್ ತೋರಿಸಿಕೊಟ್ಟ ಮೇಲೆ ನಮ್ಮಂಥ ಹವ್ಯಾಸಿಗಳಿಗೂ ಧೈರ್ಯ ಬಂದಿದೆ ನೋಡಿ. ನಾನು ಎಲೆಕ್ಟ್ರಿಕ್ ಗಿಟಾರ್ ಹಿಡಿದೆ, ಇನ್ನೊಬ್ಬ ಗೆಳೆಯ ಡ್ರಮ್ಸ್ ಹಿಡಿದ. ಆಯಿ ಮೂರನೇ ಸಾಲಿನಲ್ಲಿ ರೇಷ್ಮೆ ಸೀರೆಯುಟ್ಟು ಕೂತಿದ್ದರು. ಚಪ್ಪಾಳೆಗೇನೂ ಕಡಿಮೆಯಿರಲಿಲ್ಲ. ಹುಡುಗರು ಶಿಳ್ಳೆಯನ್ನೂ ಹೊಡೆದರು. ಆದರೆ ಯಾರಿಗಾಗಿ ಆ ಹಾಡು ತಯಾರಾಗಿತ್ತೋ ಅವರಿಗೆ ಅದರ ಒಂದು ಮಾತೂ ಕೇಳಿರಲಿಲ್ಲ. ಒಗಟನ್ನು ಬಿಡಿಸುವುದು ಆಮೇಲಿನ ಮಾತು. ಒಗಟೇ ಕಿವಿಗೆ ಬೀಳದಿದ್ದರೆ?

ಬಿಸಿಬೇಳೆಭಾತು ಆ ದಿನ ಗಂಟಲಲ್ಲಿ ಇಳಿಯಲಿಲ್ಲ ಎಂದರೆ ಸುಳ್ಳಾದೀತು. ಎರಡು ಸಲ ಹಾಕಿಸಿಕೊಂಡೆ. ಆದರೆ ಮನೆಗೆ ಹೋಗುವಾಗ ಕಾರಿನಲ್ಲಿ ಆಯಿಯ ಮಾತೇ ಕೊರೆಯುತ್ತಿತ್ತು.

ಪೆಟ್ಟಿಗೆಯೇ ಇಲ್ಲದ ಪೆಟ್ಟಿಗೆ

ಆಯಿ ‘ಪೆಟ್ಟಿಗಿ’ ಎಂದರಲ್ಲ, ನಿಜ ಹೇಳಬೇಕೆಂದರೆ ವೇದಿಕೆಯ ಮೇಲೆ ನನ್ನದೆನ್ನುವ ಯಾವ ಪೆಟ್ಟಿಗೆಯೂ ಇರಲಿಲ್ಲ. ಇದ್ದದ್ದು ಒಂದು ಲ್ಯಾಪ್‌ಟಾಪ್ ಮತ್ತು ಗಿಟಾರಿನ ವೈರು ಚುಚ್ಚಲು ಅಂಗೈಯಗಲದ ಒಂದು ಆಡಿಯೊ ಇಂಟರ್‌ಫೇಸ್.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಎಲೆಕ್ಟ್ರಿಕ್ ಗಿಟಾರ್ ತಾನಾಗಿ ಪಿಸುಗುಟ್ಟುತ್ತದೆ ಅಷ್ಟೇ. ಅದಕ್ಕೆ ದನಿ ಕೊಡುವುದು ಎರಡು ವಸ್ತುಗಳು. ಒಂದು ಆಂಪ್ಲಿಫೈಯರ್, ಅಂದರೆ ನಾವೆಲ್ಲ ಕರೆಯುವ ‘ಆಂಪ್’. ಇನ್ನೊಂದು ಸ್ಪೀಕರ್ ಕೂರಿಸಿದ ಮರದ ಪೆಟ್ಟಿಗೆ, ‘ಕ್ಯಾಬಿನೆಟ್’ ಅಥವಾ ‘ಕ್ಯಾಬ್’. (ಮುಖ್ಯಮಂತ್ರಿಗಳ ಕ್ಯಾಬಿನೆಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ಗದ್ದಲ ಮಾತ್ರ ಎರಡರಲ್ಲೂ ಇದೆ.) ಒಳ್ಳೆಯ ವಾಲ್ವ್ ಆಂಪ್ ಎತ್ತಿದರೆ ಸೊಂಟ ಹಿಡಿಯುತ್ತದೆ. ಅದು ಚೆನ್ನಾಗಿ ಕೇಳಬೇಕಾದರೆ ಜೋರಾಗಿ ಇಡಬೇಕು. ಜೋರಾಗಿ ಇಟ್ಟರೆ ಪಕ್ಕದ ಅಪಾರ್ಟ್‌ಮೆಂಟಿನವರು ಗೋಡೆ ಬಡಿಯುತ್ತಾರೆ. ಇನ್ನು ನಮ್ಮ ಕಾರ್ಯಕ್ರಮಗಳಲ್ಲಿ ಮಕ್ಕಳ ಛದ್ಮವೇಷ ಮುಗಿದು ಭರತನಾಟ್ಯ ಶುರುವಾಗುವ ಐದು ನಿಮಿಷದೊಳಗೆ ಅದನ್ನು ವೇದಿಕೆಗೆ ಏರಿಸಿ ಇಳಿಸುವವರಾರು?

ಹಾಗಾಗಿ ಸಾಫ್ಟ್‌ವೇರ್. ಗಿಟಾರಿನ ಸಿಗ್ನಲ್ ಲ್ಯಾಪ್‌ಟಾಪಿನೊಳಗೆ ಹೋಗುತ್ತದೆ, ಅಲ್ಲಿ ಒಂದು ಆಂಪ್‌ನ ಮಾದರಿಯನ್ನೂ ಒಂದು ಕ್ಯಾಬ್‌ನ ಮಾದರಿಯನ್ನೂ ದಾಟಿ, ನೇರವಾಗಿ ಸಭಾಂಗಣದ ಸ್ಪೀಕರ್‌ಗಳಿಗೆ ಹೊರಡುತ್ತದೆ. 2004ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಮ್ಯಾಕ್‌ವರ್ಲ್ಡ್ ಮೇಳದಲ್ಲಿ ಆಪಲ್‌ನವರು ಗರಾಜ್‌ಬ್ಯಾಂಡ್ ಬಿಡುಗಡೆ ಮಾಡಿದಾಗಲೇ ಅದರೊಳಗೆ ಇಂಥ ಆಂಪ್‌ಗಳಿದ್ದವು. ಜೊತೆಗೆ ಆಂಪ್ಲಿಟ್ಯೂಬ್, ಗಿಟಾರ್ ರಿಗ್ ಎಂದು ಸಾಲು ಬೆಳೆಯಿತು. ಈಗ ನ್ಯೂರಲ್ ಆಂಪ್ ಮಾಡೆಲರ್ ಎಂಬ ಉಚಿತ, ಮುಕ್ತ ತಂತ್ರಾಂಶವೇ ಇದೆ. ನಿಜವಾದ ಆಂಪ್ ಹೇಗೆ ವರ್ತಿಸುತ್ತದೆ ಎಂಬುದನ್ನು ನರಜಾಲದ ಲೆಕ್ಕದಿಂದ ಕಲಿತು ಒಪ್ಪಿಸುತ್ತದೆ.

ಸಿಹಿತಿಂಡಿ ಅಂಗಡಿಗೆ ಹೊಕ್ಕ ಮಗುವಿನ ಹಾಗೆ ಆಗುವುದು ಇಲ್ಲೇ. ಮೌಸ್ ಒತ್ತಿದರೆ ನೂರು ಆಂಪ್, ಇನ್ನೊಮ್ಮೆ ಒತ್ತಿದರೆ ಸಾವಿರ ಕ್ಯಾಬ್! ಆರಿಸುವುದು ಹೇಗೆ?

ಎರಡೂ ಹುಟ್ಟಿದ್ದು ನಮ್ಮ ನೆರೆಯಲ್ಲೇ

ಆರಿಸುವ ಮೊದಲು ಇವುಗಳ ಕುಲಗೋತ್ರ ವಿಚಾರಿಸೋಣವೆಂದು ಹೊರಟರೆ ಒಂದು ಅಚ್ಚರಿ ಕಾದಿತ್ತು. ವಾಲ್ವ್ ಆಂಪ್ಲಿಫೈಯರ್ ಹುಟ್ಟಿದ್ದು ಪಾಲೊ ಆಲ್ಟೊದಲ್ಲಿ! 1911ರಿಂದ 1913ರವರೆಗೆ ಲೀ ಡಿ ಫಾರೆಸ್ಟ್ ಅಲ್ಲಿನ ಫೆಡರಲ್ ಟೆಲಿಗ್ರಾಫ್ ಕಂಪನಿಯ ಪ್ರಯೋಗಾಲಯದಲ್ಲಿದ್ದಾಗ, ತನ್ನ ‘ಆಡಿಯಾನ್’ ವಾಲ್ವ್ ಕ್ಷೀಣವಾದ ಸಿಗ್ನಲ್ಲನ್ನು ದೊಡ್ಡದು ಮಾಡಬಲ್ಲದು ಎಂದು ಕಂಡುಕೊಂಡ. ಎಮರ್ಸನ್ ಮತ್ತು ಚ್ಯಾನಿಂಗ್ ಬೀದಿಗಳು ಕೂಡುವಲ್ಲಿ ಅದರ ನೆನಪಿನ ಫಲಕವಿದೆ. ಪಾರ್ಕಿಂಗ್ ಹುಡುಕುತ್ತಾ ಆ ಬೀದಿಯಲ್ಲಿ ನಾನು ಎಷ್ಟೋ ಸಲ ಸುತ್ತಿದ್ದೇನೆ, ಫಲಕ ಕಂಡಿರಲಿಲ್ಲ.

ಧ್ವನಿವರ್ಧಕದ ಕತೆಯೂ ದೂರದ್ದಲ್ಲ. ಡೆನ್ಮಾರ್ಕಿನಿಂದ ಬಂದ ಪೀಟರ್ ಜೆನ್ಸನ್, ಜೊತೆಗಾರ ಎಡ್ವಿನ್ ಪ್ರಿಡ್‌ಹ್ಯಾಮ್ ಜೊತೆ ಸೇರಿ ನಾಪಾದ ಒಂದು ಮನೆಯಲ್ಲಿ ಅದನ್ನು ರೂಪಿಸಿದ. 1915ರ ಡಿಸೆಂಬರ್ 24ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರಸಭೆಯ ಎದುರು ನೆರೆದ ಭಾರಿ ಜನಸಂದಣಿಗೆ ಅದರಿಂದ ಹಾಡು, ಭಾಷಣ ಕೇಳಿಸಿದರು. ಅದೇ ಜೆನ್ಸನ್ ಮುಂದೆ ಕಟ್ಟಿದ ಕಂಪನಿಯ ಸ್ಪೀಕರ್‌ಗಳೇ 1950ರ ದಶಕದ ಫೆಂಡರ್ ಗಿಟಾರ್ ಆಂಪ್‌ಗಳಲ್ಲಿ ಕೂತವು. ದ್ರಾಕ್ಷಾರಸಕ್ಕೆ ಮಾತ್ರ ನಾಪಾ ಪ್ರಸಿದ್ಧ ಎಂದುಕೊಂಡಿದ್ದೆವಲ್ಲ!

ಗಮನಿಸಿ, ಇವೆರಡೂ ಹುಟ್ಟಿದ್ದು ಗಿಟಾರಿಗಾಗಿ ಅಲ್ಲ. ದೂರದವರಿಗೆ ಮಾತು ಕೇಳಿಸಲೆಂದು. ಈ ಸಂಗತಿ ನನಗೆ ಆಮೇಲೆ ಬಹಳ ಕಾಡಿತು.

ಆಂಪ್‌ಗಳ ನಾಲ್ಕು ಮನೆತನ

ಸಾಫ್ಟ್‌ವೇರಿನಲ್ಲಿ ಹೆಸರುಗಳು ಚಿತ್ರವಿಚಿತ್ರ. ‘ಬ್ರಿಟಿಷ್ 45’, ‘ಟ್ವೀಡ್’, ‘ಕ್ಯಾಲಿ ಲೀಡ್’ ಎಂದೆಲ್ಲ ಇರುತ್ತದೆ, ಟ್ರೇಡ್‌ಮಾರ್ಕಿನ ಭಯ. ಆದರೆ ಮೂಲ ಮನೆತನಗಳು ನಾಲ್ಕೇ ಎಂದುಕೊಂಡರೆ ತಲೆ ಹಗುರಾಗುತ್ತದೆ.

ಮೊದಲನೆಯದು ದಕ್ಷಿಣ ಕ್ಯಾಲಿಫೋರ್ನಿಯಾದ ಫುಲರ್ಟನ್ನಿನ ಫೆಂಡರ್. 1960ರ ದಶಕದ ಕಪ್ಪು ಮುಖದ ಟ್ವಿನ್ ರಿವರ್ಬ್, ಡಿಲಕ್ಸ್ ರಿವರ್ಬ್‌ಗಳದು ತಿಳಿನೀರಿನಂಥ ನಾದ. ಮಧ್ಯಮ ಕಂಪನಗಳಲ್ಲಿ ಸ್ವಲ್ಪ ತಗ್ಗು. ಅದಕ್ಕೂ ಹಿಂದಿನ, ಬಟ್ಟೆ ಹೊದ್ದ ‘ಟ್ವೀಡ್’ ಆಂಪ್‌ಗಳು ಜೋರು ಮಾಡಿದರೆ ಗಂಟಲು ಕಟ್ಟಿದ ಗಾಯಕನ ಹಾಗೆ ಮುದ್ದಾಗಿ ಒಡೆಯುತ್ತವೆ.

ಎರಡನೆಯದು ಲಂಡನ್ನಿನ ಮಾರ್ಷಲ್. 1962ರಲ್ಲಿ ಜಿಮ್ ಮಾರ್ಷಲ್ ಮತ್ತು ಸಂಗಡಿಗರು ಫೆಂಡರ್ ಬೇಸ್‌ಮನ್ ಎಂಬ ಆಂಪ್‌ನ ಸರ್ಕ್ಯೂಟನ್ನೇ ಹೆಚ್ಚುಕಡಿಮೆ ಹಾಗೇ ಅನುಸರಿಸಿ ಜೆಟಿಎಂ 45 ಮಾಡಿದರು. ಮುಖ್ಯ ವ್ಯತ್ಯಾಸಗಳಲ್ಲಿ ಒಂದು ಸ್ಪೀಕರ್. ಬೇಸ್‌ಮನ್‌ನಲ್ಲಿ ಹತ್ತಿಂಚಿನ ನಾಲ್ಕು ಸ್ಪೀಕರ್‌ಗಳು, ಹಿಂಬದಿ ತೆರೆದ ಪೆಟ್ಟಿಗೆ. ಮಾರ್ಷಲ್‌ನಲ್ಲಿ ಹನ್ನೆರಡಿಂಚಿನ ನಾಲ್ಕು ಸೆಲೆಶ್ಚನ್ ಸ್ಪೀಕರ್‌ಗಳು, ಹಿಂಬದಿ ಮುಚ್ಚಿದ ಪೆಟ್ಟಿಗೆ. ಅಡುಗೆ ಒಂದೇ, ಪಾತ್ರೆ ಬೇರೆ. ರುಚಿಯೇ ಬದಲಾಗಿ ರಾಕ್ ಸಂಗೀತಕ್ಕೆ ಹೊಸ ದನಿ ಬಂತು!

ಮೂರನೆಯದು ವಾಕ್ಸ್ ಎಸಿ 30, ಬೀಟಲ್ಸ್ ನುಡಿಸಿದ್ದು. ಗಂಟೆಯಂತೆ ಮಿಣಿಮಿಣಿ ಹೊಳೆಯುವ ನಾದ.

ನಾಲ್ಕನೆಯದು ಮತ್ತೆ ನಮ್ಮೂರಿನದೇ, ಮೆಸಾ ಬೂಗಿ. 1960ರ ದಶಕದ ಕೊನೆಯ ಹೊತ್ತಿಗೆ ಬೇ ಏರಿಯಾದ ರ‍್ಯಾಂಡಲ್ ಸ್ಮಿತ್ ಎಂಬ ರಿಪೇರಿಯವನು ಪುಟ್ಟ ಫೆಂಡರ್ ಪ್ರಿನ್ಸ್‌ಟನ್ ಆಂಪ್‌ನೊಳಗೆ ದೊಡ್ಡ ಆಂಪ್‌ನ ಶಕ್ತಿ ತುಂಬಿ ತಮಾಷೆ ಮಾಡಿದ. ಅದನ್ನು ನುಡಿಸಿ ನೋಡಿದ ಕಾರ್ಲೋಸ್ ಸಂತಾನಾ ಮೆಚ್ಚಿ ಆಡಿದ ಮಾತಿನಿಂದಲೇ ‘ಬೂಗಿ’ ಎಂಬ ಹೆಸರು ಬಂತು. ಮುಂದೆ ಪೆಟಲೂಮಾದಲ್ಲಿ ಬೆಳೆದ ಈ ಕಂಪನಿಯನ್ನು 2021ರಲ್ಲಿ ಗಿಬ್ಸನ್‌ನವರು ಕೊಂಡರು. ಒಂದರ ಮೇಲೊಂದು ವಾಲ್ವ್ ಹಂತ ಜೋಡಿಸಿ, ನಾದವನ್ನು ಎಷ್ಟು ಬೇಕೋ ಅಷ್ಟು ಒಡೆಯುವುದು ಇವರ ವಿದ್ಯೆ. ಬೇ ಏರಿಯಾದವರೇ ಆದ ಮೆಟಾಲಿಕಾದ 1986ರ ‘ಮಾಸ್ಟರ್ ಆಫ್ ಪಪೆಟ್ಸ್’ನ ಗಿಟಾರಿನ ಹಿಂದೆ ಇದ್ದದ್ದು ಬೂಗಿಯೇ. ಅದೇ ಮೆಟಾಲಿಕಾ 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ್ದು ನಿಮಗೆ ನೆನಪಿರಬಹುದು.

ನಾದ ‘ಒಡೆಯುವುದು’ ಎಂದರೆ ಏನು ಎಂದು ಸಂಗೀತ ಬಲ್ಲವರು ಹುಬ್ಬೇರಿಸಬಹುದು. ತಂಬೂರಿಯ ಕುದುರೆಯ ಮೇಲೆ ಎಳೆ ಹತ್ತಿಯ ನೂಲು ಸರಿಸಿ ಜವಾರಿ ಹಿಡಿಸುತ್ತೇವಲ್ಲ, ಒಂದು ಸ್ವರದೊಳಗಿಂದ ಹತ್ತು ಸ್ವರಗಳು ಝೇಂಕರಿಸುವ ಹಾಗೆ? ವಾಲ್ವ್ ತನ್ನ ಮಿತಿ ಮೀರಿದಾಗ ಮಾಡುವುದೂ ಒಂದರ್ಥದಲ್ಲಿ ಅದನ್ನೇ, ಇಲ್ಲದ ಉಪಸ್ವರಗಳನ್ನು ಸೇರಿಸುತ್ತದೆ. ಹಿತಮಿತವಾಗಿದ್ದರೆ ಜವಾರಿ, ಮೀರಿದರೆ ಮಿಕ್ಸರು.

ರಾಜ್ಯೋತ್ಸವಕ್ಕೆ ನಾನು ಆರಿಸಿದ್ದು ಯಾವುದು ಎಂದು ಬೇರೆ ಹೇಳಬೇಕೇ? ಬೂಗಿಯೇ, ಗೇನ್ ಎಂಟರ ಮೇಲೆ! ತಪ್ಪು ಬೂಗಿಯದಲ್ಲ, ನನ್ನದು. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಒಬ್ಬನೇ ಕೂತು ನುಡಿಸಿದಾಗ ಆಹಾ, ಅರಮನೆ ಮೈದಾನವೇ ಕಣ್ಮುಂದೆ!

ಅಸಲಿ ಗುಟ್ಟು ಕ್ಯಾಬ್‌ನಲ್ಲಿದೆ

ಆಯಿಯ ಮಾತಿನ ಮರುದಿನದಿಂದ ಶುರುವಾಯಿತು ನನ್ನ ತಪಸ್ಸು. ಗಡುವು ಸ್ಪಷ್ಟವಾಗಿತ್ತು. ಆಯಿಯ ಆರು ತಿಂಗಳು ಮುಗಿಯುವುದು 2023ರ ಏಪ್ರಿಲ್ ನಡುವಿನಲ್ಲಿ. ಅದಕ್ಕೆ ಮೊದಲು ಯುಗಾದಿ ಕಾರ್ಯಕ್ರಮ. ಹುಡುಗ ಮತ್ತೆ ಅದೇ ಪದ ಹಾಡುತ್ತೇನೆಂದ. ಇದು ತಪ್ಪಿದರೆ ಮುಂದಿನ ಸಲ ಆಯಿ ಬರುತ್ತಾರೋ ಇಲ್ಲವೋ. ಎಪ್ಪತ್ತಾರರಲ್ಲಿ ಇಷ್ಟು ದೂರದ ವಿಮಾನಯಾನ ಹುಡುಗಾಟವೇ?

ಮೊದಲ ವಾರವೆಲ್ಲ ಆಂಪ್ ಬದಲಾಯಿಸಿದ್ದೇ ಬಂತು. ಏನು ಮಾಡಿದರೂ ಅದೇ ಚೀರಾಟ. ಒಂದು ರಾತ್ರಿ ಕೈತಪ್ಪಿ ಕ್ಯಾಬ್ ಮಾದರಿಯನ್ನೇ ಆಫ್ ಮಾಡಿದೆ. ಅಬ್ಬಾ! ಡಬ್ಬಿಯೊಳಗೆ ಜೇನುನೊಣಗಳನ್ನು ಕೂಡಿಹಾಕಿ ಅಲ್ಲಾಡಿಸಿದಂತೆ. ಅದೇ ಆಂಪ್, ಅದೇ ಗಿಟಾರ್, ಅದೇ ಬೆರಳು. ಆಗ ಜ್ಞಾನೋದಯವಾಯಿತು. ಇಷ್ಟು ದಿನ ನಾನು ‘ಆಂಪ್‌ನ ಟೋನ್’ ಎಂದುಕೊಂಡದ್ದರಲ್ಲಿ ದೊಡ್ಡ ಪಾಲು ಕ್ಯಾಬ್‌ನದು!

ಕಾರಣ ಸರಳ. ಗಿಟಾರ್ ಸ್ಪೀಕರ್ ನಮ್ಮ ಮನೆಯ ಸ್ಟೀರಿಯೊದಂತಲ್ಲ. ಸ್ಟೀರಿಯೊ ಸುಮಾರು 20,000 ಹರ್ಟ್ಸ್‌ವರೆಗೂ ನುಡಿಯಲು ಹೆಣಗುತ್ತದೆ. ಹನ್ನೆರಡಿಂಚಿನ ಗಿಟಾರ್ ಸ್ಪೀಕರ್ 5,000 ಹರ್ಟ್ಸ್ ಆಸುಪಾಸಿನಲ್ಲೇ ಕೈಚೆಲ್ಲುತ್ತದೆ. ಆಂಪ್ ಹುಟ್ಟಿಸಿದ ಕರ್ಕಶವಾದ ಉಪಸ್ವರಗಳೆಲ್ಲ ಅಲ್ಲೇ ಸೋಸಿಹೋಗುತ್ತವೆ. ಫಿಲ್ಟರ್ ಕಾಫಿಯ ಹಾಗೆ. ಪುಡಿ ಎಷ್ಟೇ ಒಳ್ಳೆಯದಿರಲಿ, ಫಿಲ್ಟರ್ ಇಲ್ಲದೆ ಕುಡಿದರೆ ಬಾಯಿಗೆ ಬರುವುದು ಚರಟವೇ. ವೀಣೆಯ ತಂತಿಗೆ ಹಲಸಿನ ಮರದ ಕೊಡ ಹೇಗೋ ಗಿಟಾರಿಗೆ ಕ್ಯಾಬ್ ಹಾಗೆ.

ಸಾಫ್ಟ್‌ವೇರ್ ಈ ಪೆಟ್ಟಿಗೆಯನ್ನು ಹಿಡಿಯುವ ಉಪಾಯಕ್ಕೆ ‘ಇಂಪಲ್ಸ್ ರೆಸ್ಪಾನ್ಸ್’ ಎಂದು ಹೆಸರು, ಚಿಕ್ಕದಾಗಿ ಐಆರ್. ವಿಜಯಪುರದ ಗೋಲಗುಮ್ಮಟಕ್ಕೆ ಹೋದವರೆಲ್ಲ ಮಾಡುವುದೇನು? ಮೇಲೆ ಹತ್ತಿ ಒಂದು ಚಪ್ಪಾಳೆ ತಟ್ಟುವುದು. ಮರಳಿ ಬರುವ ಪ್ರತಿಧ್ವನಿಗಳ ಸರಮಾಲೆಯಲ್ಲಿ ಆ ಗುಮ್ಮಟದ ಗುರುತೆಲ್ಲ ಅಡಗಿದೆ. ಅದನ್ನು ರೆಕಾರ್ಡ್ ಮಾಡಿಕೊಂಡರೆ, ಮನೆಯಲ್ಲಿ ಹಾಡಿದ ಹಾಡನ್ನೂ ಗಣಿತದ ಮೂಲಕ ಗುಮ್ಮಟದಲ್ಲಿ ಹಾಡಿದಂತೆ ಕೇಳಿಸಬಹುದು. ಕ್ಯಾಬ್‌ಗೂ ಹೀಗೆಯೇ. ಸ್ಪೀಕರಿಗೆ ಒಂದು ಪರೀಕ್ಷಾ ಶಬ್ದ ಕೊಟ್ಟು, ಎದುರಿಗಿಟ್ಟ ಮೈಕಿನಲ್ಲಿ ಬಂದದ್ದನ್ನು ಹಿಡಿದಿಡುತ್ತಾರೆ. ಒಂದು ಸೆಕೆಂಡಿನ ಪುಟ್ಟ ಚೂರಿನಷ್ಟು ಉದ್ದದ ಕಡತ ಅದು. ಅದರಲ್ಲಿ ಸ್ಪೀಕರ್, ಮರ, ಮೈಕು ಎಲ್ಲವೂ ಇದೆ. ನಾದ ಒಡೆಯುವ ಗುಣ ಮಾತ್ರ ಇಲ್ಲ. ಅದು ಆಂಪ್ ಮಾದರಿಯ ಕೆಲಸ.

ಹಾಗಾಗಿ ಐಆರ್ ಆರಿಸುವಾಗ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಪೆಟ್ಟಿಗೆ ಎಂಥದ್ದು? ಹಿಂಬದಿ ತೆರೆದಿದ್ದರೆ ಗಾಳಿಯಾಡುವ, ಹಗುರವಾದ ನಾದ. ಮುಚ್ಚಿದ್ದರೆ ಎದೆಗೆ ಗುದ್ದುವ ಮಂದ್ರ. ಸ್ಪೀಕರ್ ಯಾವುದು? ಸೆಲೆಶ್ಚನ್‌ನವರ ಗ್ರೀನ್‌ಬ್ಯಾಕ್ ಮೆತ್ತಗೆ, ವಿಂಟೇಜ್ 30 ಮೇಲಿನ ಮಧ್ಯಮದಲ್ಲಿ ಮುನ್ನುಗ್ಗುತ್ತದೆ. ಮೂರನೆಯದು, ಮೈಕು ಎಲ್ಲಿತ್ತು? ಸ್ಪೀಕರಿನ ನಟ್ಟನಡುವೆ ಇಟ್ಟರೆ ಚೂಪು, ಅಂಚಿಗೆ ಸರಿಸಿದರೆ ಮೃದು. ಒಂದೆರಡು ಇಂಚಿನಲ್ಲಿ ಲೋಕವೇ ಬದಲಾಗುತ್ತದೆ. ಶೂರ್ ಎಸ್‌ಎಂ 57 ಮೈಕು ಅಂಚನ್ನು ಎತ್ತಿ ತೋರಿಸುತ್ತದೆ, ರಿಬ್ಬನ್ ಮೈಕು ಅದೇ ಅಂಚಿನ ಮೇಲೆ ಕೈಯಾಡಿಸುತ್ತದೆ.

ಇನ್ನೊಂದು ಎಚ್ಚರಿಕೆ. ಸಭಾಂಗಣದ ಸ್ಪೀಕರಿಗೆ ನೇರ ಹೋಗುವಾಗ ಕ್ಯಾಬ್ ಮಾದರಿ ಇರಲೇಬೇಕು, ಇಲ್ಲದಿದ್ದರೆ ಜೇನುಗೂಡು. ಆದರೆ ಲ್ಯಾಪ್‌ಟಾಪಿನಿಂದ ನಿಜವಾದ ಗಿಟಾರ್ ಆಂಪ್‌ಗೆ ಹೋಗುವುದಾದರೆ ಅದನ್ನು ಆಫ್ ಮಾಡಬೇಕು. ಇಲ್ಲದಿದ್ದರೆ ಎರಡು ಕ್ಯಾಬ್ ಆಗಿ, ಕಂಬಳಿಯ ಮೇಲೆ ಕಂಬಳಿ ಹೊದ್ದಂತೆ.

ಳ ಎಲ್ಲಿ ವಾಸಿಸುತ್ತದೆ?

ಆದರೂ ಆಯಿಗೆ ಮಾತು ಕೇಳದಿದ್ದುದೇಕೆ? ರಾಜ್ಯೋತ್ಸವದ ರೆಕಾರ್ಡಿಂಗ್ ತೆಗೆದು, ಹುಡುಗನ ದನಿ, ನನ್ನ ಗಿಟಾರ್ ಎರಡರ ಕಂಪನಗಳ ಚಿತ್ರವನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಇಂಜಿನಿಯರ್ ಬುದ್ಧಿ, ಏನು ಮಾಡುವುದು! ಉತ್ತರ ಕಣ್ಣಿಗೆ ರಾಚಿತು.

ಮಾತಿನ ಜೀವ ಇರುವುದು ವ್ಯಂಜನಗಳಲ್ಲಿ. ಲ ಮತ್ತು ಳ ತೆಗೆದುಕೊಳ್ಳಿ. ಳ ಎನ್ನುವಾಗ ನಾಲಿಗೆಯ ತುದಿ ಹಿಂದಕ್ಕೆ ಮಡಚುತ್ತದೆ. ಆಗ ಬಾಯೊಳಗಿನ ಮೂರನೆಯ ಅನುರಣನ ಕೆಳಗೆ ಇಳಿಯುತ್ತದೆ. ಲ ಎಂದರೆ ಅದು ಮೇಲೆಯೇ ಉಳಿಯುತ್ತದೆ. ಈ ಆಟವೆಲ್ಲ ನಡೆಯುವುದು ಸರಿಸುಮಾರು 2,000ದಿಂದ 3,000 ಹರ್ಟ್ಸ್ ನಡುವೆ. ತ–ಟ, ನ–ಣಗಳ ವ್ಯತ್ಯಾಸದ ಸುಳಿವುಗಳೂ ಹೆಚ್ಚಾಗಿ ಈ ಭಾಗದಲ್ಲೇ. ನನ್ನ ಬೂಗಿಯೂ, ವಿಂಟೇಜ್ 30 ಸ್ಪೀಕರೂ, ನಟ್ಟನಡುವಿನ ಎಸ್‌ಎಂ 57 ಮೈಕೂ ಸೇರಿ ಅದೇ ಜಾಗದಲ್ಲಿ ಚಾಪೆ ಹಾಸಿ ಮಲಗಿದ್ದವು! ಹುಡುಗನ ಳಕಾರಕ್ಕೆ ಕಾಲಿಡಲೂ ಜಾಗವಿರಲಿಲ್ಲ. ಇಲ್ಲಿ ಹುಟ್ಟಿದ ಮಕ್ಕಳಿಗೆ ಆ ಳ ಮೊದಲೇ ಕಷ್ಟದ್ದು. ಬಂದಷ್ಟನ್ನೂ ನಾನು ನುಂಗಿದ್ದೆ. ಶರೀಫಜ್ಜನ ಪದದಲ್ಲಿ ಕೋಳಿ ಕೋಡಗವನ್ನು ನುಂಗಿದರೆ, ನಮ್ಮ ವೇದಿಕೆಯಲ್ಲಿ ಗಿಟಾರ್ ಕೋಳಿಯನ್ನೇ ನುಂಗಿತ್ತು.

ಮನೆಯಲ್ಲಿ ಇದು ಗೊತ್ತಾಗಲಿಲ್ಲವೇಕೆ? ಒಂದು, ನಾನು ಗಿಟಾರನ್ನು ಒಂಟಿಯಾಗಿ ಕೇಳುತ್ತಿದ್ದೆ. ಒಂಟಿಯಾಗಿ ಭರ್ಜರಿ ಎನ್ನಿಸುವ ನಾದ ಹಾಡಿನೊಳಗೆ ಹೊಂದಬೇಕೆಂದಿಲ್ಲ. ಎರಡು, ಮೆಲುದನಿಯಲ್ಲಿ ನಮ್ಮ ಕಿವಿಗೆ ತೀರಾ ಕೆಳಗಿನ, ತೀರಾ ಮೇಲಿನ ಕಂಪನಗಳು ಕಡಿಮೆ ಕೇಳುತ್ತವೆ. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ರಾತ್ರಿ ಹನ್ನೊಂದಕ್ಕೆ, ಮನೆಯವರು ಮಲಗಿದ ಮೇಲೆ, ಮೆಲ್ಲಗೆ ಕೇಳುತ್ತಾ ಬೇಸ್, ಟ್ರೆಬಲ್ ಏರಿಸಿಟ್ಟರೆ, ಸಭಾಂಗಣದಲ್ಲಿ ಅದೇ ಗುಡುಗು, ಅದೇ ಸೂಜಿ.

ಯುಗಾದಿಗೆ ಆರಿಸಿದ ಮೂರು ಜೋಡಿ

ಹಾಗಾಗಿ ಕ್ರಮವನ್ನೇ ತಿರುಗಿಸಿದೆ. ಮೊದಲು ಹುಡುಗನ ದನಿಯನ್ನು ರೆಕಾರ್ಡ್ ಮಾಡಿಕೊಂಡೆ. ಅದನ್ನು ಹಾಕಿಕೊಂಡೇ ಕ್ಯಾಬ್ ಆರಿಸಿದೆ, ಕ್ಯಾಬ್ ನಿಂತ ಮೇಲೆ ಆಂಪ್. ಎರಡು ಮಾದರಿಗಳನ್ನು ಹೋಲಿಸುವಾಗ ಎರಡರ ಜೋರನ್ನೂ ಸಮ ಮಾಡಿಕೊಂಡೆ. ಜೋರಿದ್ದದ್ದು ಯಾವಾಗಲೂ ಚೆನ್ನ ಎನ್ನಿಸುತ್ತದೆ, ಅದು ಕಿವಿ ಮಾಡುವ ಮೋಸ. ಜೊತೆಗೆ ಹೆಡ್‌ಫೋನ್ ಬಿಟ್ಟು ಗರಾಜಿನಲ್ಲಿ ಸಾಧಾರಣ ಸ್ಪೀಕರ್‌ಗಳಲ್ಲಿ, ಮಾತಾಡುವಷ್ಟು ಜೋರಿನಲ್ಲಿ ಕೇಳಿದೆ. ಯುಗಾದಿಗೆ ನಮ್ಮದು ಮೂರು ಹಾಡು.

ಮೊದಲನೆಯದು ಒಂದು ಭಾವಗೀತೆ. ಸಿ. ಅಶ್ವಥ್ ಪರಂಪರೆಯ ಸುಗಮ ಸಂಗೀತದಲ್ಲಿ ಕವಿತೆಯೇ ಯಜಮಾನ, ವಾದ್ಯಗಳು ಹಿಮ್ಮೇಳ. ಇದಕ್ಕೆ ಡಿಲಕ್ಸ್ ರಿವರ್ಬ್ ಮಾದರಿ, ಹಿಂಬದಿ ತೆರೆದ ಒಂದೇ ಸ್ಪೀಕರಿನ ಕ್ಯಾಬ್, ಮೈಕು ಅಂಚಿನಲ್ಲಿ. ನಾದ ಒಡೆಯುವಂತಿಲ್ಲ. ರಿವರ್ಬ್ ಚಿಟಿಕೆಯಷ್ಟು, ಹೆಚ್ಚಾದರೆ ಪದಗಳ ಮೇಲೆ ಮಂಜು ಕವಿಯುತ್ತದೆ.

ಎರಡನೆಯದು ರಾಜನ್–ನಾಗೇಂದ್ರರ 1970ರ ದಶಕದ ಒಂದು ಚಿತ್ರಗೀತೆ. ಪಲ್ಲವಿ, ಚರಣಗಳ ನಡುವೆ ಗಿಟಾರಿಗೂ ಮಾತಾಡಲು ಅವಕಾಶವಿದೆ. ಅದಕ್ಕೆ ಎಸಿ 30, ಎರಡು ಸ್ಪೀಕರಿನ ಕ್ಯಾಬ್. ಗಾಯಕಿ ಹಾಡುವಾಗ ಗಿಟಾರಿನ ವಾಲ್ಯೂಮ್ ಗುಂಡಿಯನ್ನು ಆರಕ್ಕೆ ಇಳಿಸಿ, ಹಿನ್ನೆಲೆ ಸಂಗೀತ ಬಂದಾಗ ಹತ್ತಕ್ಕೆ ಏರಿಸುವುದು. ಒಳ್ಳೆಯ ಮಾದರಿಯಾದರೆ ನಿಜವಾದ ವಾಲ್ವ್‌ನಂತೆಯೇ ಆ ಗುಂಡಿಗೆ ಸ್ಪಂದಿಸುತ್ತದೆ. ಮಾದರಿ ಚೆನ್ನಾಗಿದೆಯೋ ಇಲ್ಲವೋ ಎಂದು ಪರೀಕ್ಷಿಸಲು ಇದಕ್ಕಿಂತ ಸುಲಭದ ದಾರಿ ನನಗೆ ತಿಳಿದಿಲ್ಲ.

ಮೂರನೆಯದು ಶರೀಫಜ್ಜ. ರಾಕ್ ಬೇಕು, ಆದರೆ ಮಾತು ಕೇಳಬೇಕು. ಬೂಗಿಗೆ ಕೈಮುಗಿದು ಪಕ್ಕಕ್ಕಿಟ್ಟೆ. ಹಳೆಯ ಟ್ವೀಡ್ ಬೇಸ್‌ಮನ್ ಮಾದರಿ, ಗೇನ್ ಅರ್ಧಕ್ಕಿಂತ ಕಡಿಮೆ. ಕ್ಯಾಬ್‌ಗೆ ಗ್ರೀನ್‌ಬ್ಯಾಕ್ ಸ್ಪೀಕರುಗಳು, ರಿಬ್ಬನ್ ಮೈಕು. 100 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ ಡ್ರಮ್ಸಿಗೂ ಬೇಸಿಗೂ ಬಿಟ್ಟುಕೊಟ್ಟೆ. 5,000 ಹರ್ಟ್ಸ್ ಮೇಲಿನದನ್ನೂ ಕತ್ತರಿಸಿದೆ. ಕೊನೆಗೆ 2,500 ಹರ್ಟ್ಸ್ ಸುತ್ತ ಮೂರು ಡೆಸಿಬೆಲ್ ತಗ್ಗು, ಳಕಾರಕ್ಕೆ ಹಾಸಿದ ಮಣೆ.

ತಾಂತ್ರಿಕವಾಗಿ ಇನ್ನೆರಡು ಜೋಪಾನ. ಗಿಟಾರನ್ನು ಇಂಟರ್‌ಫೇಸಿನ ವಾದ್ಯಗಳಿಗೆಂದೇ ಇರುವ ತೂತಿಗೆ ಚುಚ್ಚಬೇಕು. ಅತಿ ಜೋರಾಗಿ ಮೀಟಿದಾಗಲೂ ಕೆಂಪು ದೀಪ ಹತ್ತಬಾರದು. ಇನ್ನು ಕಂಪ್ಯೂಟರ್ ಲೆಕ್ಕ ಮಾಡುವಷ್ಟು ಹೊತ್ತು ನಾದ ತಡವಾಗುತ್ತದೆ. 48,000ದ ದರದಲ್ಲಿ 128 ಸ್ಯಾಂಪಲ್ಲಿನ ಬಫರ್ ಎಂದರೆ 2.7 ಮಿಲಿಸೆಕೆಂಡು, ಅಂದರೆ ಶಬ್ದ ಗಾಳಿಯಲ್ಲಿ ಸುಮಾರು ಒಂದು ಮೀಟರ್ ನಡೆಯುವಷ್ಟು ಹೊತ್ತು. ಒಳಗೆ ಹೋಗಿ ಹೊರಗೆ ಬರುವಾಗ ಅದು ದುಪ್ಪಟ್ಟಾಗುತ್ತದೆ. ಅಷ್ಟಾದರೂ ಆಂಪ್‌ನಿಂದ ಕೆಲವು ಹೆಜ್ಜೆ ದೂರ ನಿಂತಂತೆ, ತೊಂದರೆಯಿಲ್ಲ. ಬಫರನ್ನು ಸಾವಿರಕ್ಕೆ ಏರಿಸಿದರೆ ಮಾತ್ರ ಬೆರಳು ಇಲ್ಲಿ, ನಾದ ಫ್ರೀಮಾಂಟ್‌ನಲ್ಲಿ.

ಮನೆಯಲ್ಲಿ ಈ ಹೊಸ ಟೋನ್ ಒಂಟಿಯಾಗಿ ಕೇಳಿದ ನನ್ನವಳು, “ಇದೇನ್ರೀ, ನೆಗಡಿಯಾದ ಹಾಗಿದೆ?” ಎಂದಳು. ನಿಜ, ಒಂಟಿಯಾಗಿ ಹಾಗೇ ಇತ್ತು. ಹುಡುಗನ ದನಿಯನ್ನು ಜೊತೆಗೆ ಹಾಕಿದೆ. ಸ್ವಲ್ಪ ಹೊತ್ತು ಕೇಳಿ, “ಓ, ಈಗ ಸರಿಯಾಗಿದೆ. ಏನು ಬದಲಾಯಿಸಿದಿರಿ?” ಎಂದಳು. ನಾನು ಏನೂ ಬದಲಾಯಿಸಿರಲಿಲ್ಲ.

ಆಯಿಯ ತೀರ್ಪು

2023ರ ಏಪ್ರಿಲ್ ಮೊದಲ ವಾರಾಂತ್ಯ. ಆಯಿಯ ಟಿಕೆಟ್ ಮುಂದಿನ ವಾರಕ್ಕೆ. ಅದೇ ಮೂರನೇ ಸಾಲು, ಬೇರೆ ರೇಷ್ಮೆ ಸೀರೆ. ಮೂರನೇ ಹಾಡು ಶುರುವಾಯಿತು. ನಾನು ತಂತಿಗಿಂತ ಹೆಚ್ಚಾಗಿ ಆಯಿಯ ಮುಖವನ್ನೇ ನೋಡುತ್ತಿದ್ದೆ, ಎರಡು ಕಡೆ ಬೆರಳೂ ತಪ್ಪಿತು. ಪಲ್ಲವಿ ಎರಡನೇ ಸಲ ಬಂದಾಗ ಆಯಿಯ ತುಟಿಗಳು ಅಲ್ಲಾಡತೊಡಗಿದವು. ಹುಡುಗನ ಜೊತೆಜೊತೆಗೇ, ಪದಕ್ಕೆ ಪದ. ನಡುವೆ ಒಮ್ಮೆ ಅವರ ಹುಬ್ಬು ಗಂಟಿಕ್ಕಿದ್ದನ್ನೂ ಕಂಡೆ. ಎದೆ ಧಸಕ್ಕೆಂದಿತು.

ಈ ಸಲ ಪುಳಿಯೋಗರೆಯ ಸಾಲು. ನಾನೇ ಹೋಗಿ ಕೇಳಿದೆ, “ಆಯಿ, ಈ ಸಲ ಕೇಳಿಸ್ತಾ?”

“ಎಲ್ಲಾ ಕೇಳಸ್ತು ತಮ್ಮಾ, ಒಂದೂ ಬಿಡಲಾರದಂಗ. ಆದ್ರ ಹುಡುಗ ಒಂದು ಕಡೆ ‘ಕೋಳಿ’ ಅನ್ನೂದ ಬಿಟ್ಟು ‘ಕೋಲಿ’ ಅಂದಾನ ನೋಡು. ಊರಿಗೆ ಹೋಗೂದ್ರಾಗ ತಿದ್ದಿಸಿಯೇ ಹೋಗ್ತೀನಿ.”

ಗಿಟಾರಿನ ಬಗ್ಗೆ ಒಂದು ಮಾತೂ ಇಲ್ಲ! ನಾಲ್ಕು ತಿಂಗಳ ನಿದ್ದೆಗೆಟ್ಟ ತಪಸ್ಸಿಗೆ, ನೂರಾರು ಐಆರ್‌ಗಳಿಗೆ, ಟ್ವೀಡಿಗೆ, ರಿಬ್ಬನ್ ಮೈಕಿಗೆ ಅರ್ಧ ಅಕ್ಷರದ ಹೊಗಳಿಕೆಯೂ ಇಲ್ಲ. ಆದರೆ ಡ್ರಮ್ಸು, ಗಿಟಾರುಗಳ ಆ ಸಂತೆಯೊಳಗೆ ಒಂದು ಳ ಜಾರಿ ಲ ಆದದ್ದನ್ನು ಎಪ್ಪತ್ತಾರರ ಕಿವಿ ಹಿಡಿದಿತ್ತು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನಗೆ ಯಾವ ಕಂಪನಿ ಕೊಟ್ಟೀತು?

ಮುಂದಿನ ಒಂದು ವಾರ ಅವರ ಮನೆಯಲ್ಲಿ ಳಕಾರದ ಪಾಠ ನಡೆಯಿತಂತೆ. ಹುಡುಗನಿಗೆ ಈಗ ‘ಕೋಳಿ’ ಮಾತ್ರವಲ್ಲ, ‘ಮಳೆ’, ‘ಬಾಳೆ’, ‘ಹುಬ್ಬಳ್ಳಿ’ ಎಲ್ಲವೂ ಬರುತ್ತವೆ.

ನೀವೂ ಮುಂದಿನ ಕಾರ್ಯಕ್ರಮಕ್ಕೆ ಗಿಟಾರ್ ಹಿಡಿದು ಹೊರಟಿದ್ದರೆ ಇಷ್ಟು ಮಾಡಿ. ಸಾವಿರ ಮಾದರಿಗಳಲ್ಲಿ ಯಾವುದು ಚೆಂದ ಎಂದು ಕೇಳಬೇಡಿ, ಯಾವುದು ಹಾಡಿಗೆ ಜಾಗ ಬಿಡುತ್ತದೆ ಎಂದು ಕೇಳಿ. ಸಂದೇಹವಿದ್ದರೆ ಮೂರನೇ ಸಾಲಿನಲ್ಲಿ ಒಬ್ಬ ಆಯಿಯನ್ನು ಕೂರಿಸಿ. ಅವರಿಗಿಂತ ಒಳ್ಳೆಯ ಮೀಟರ್ ಇನ್ನೂ ಯಾವ ಸಾಫ್ಟ್‌ವೇರಿನಲ್ಲೂ ಬಂದಿಲ್ಲ. ಏನಂತೀರಿ?